ಗರಾಂಡ್ ರೈಫಲ್‌ಗೆ ಯಾವ ಪ್ರೈಮರ್? ಸಿಸಿಐ ನಂ. 34 ಜೊತೆ ಏಳು ವರ್ಷ

ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ಬೆಳೆ ಕಾಯಲು ಒಂದು ಕೇಪಿನ ಕೋವಿ ಇತ್ತು. ಅಜ್ಜ ಮದ್ದು, ಚರೆ ತುಂಬುವಾಗ ನಾವು ಮಕ್ಕಳು ಪಕ್ಕದಲ್ಲಿ ಕೂತು ನೋಡಬಹುದಿತ್ತು. ಕೇಪಿನ ಡಬ್ಬಿ ಮಾತ್ರ ಮುಟ್ಟುವ ಹಾಗಿರಲಿಲ್ಲ, ಅದು ಅವರ ಜೇಬಿನಲ್ಲೇ ಇರುತ್ತಿತ್ತು. ತೋಟದಲ್ಲಿ ಹಂದಿ ಕಂಡ ಮೇಲೇ ಕೇಪು ಹಾಕುವುದು. ಈಗ ಫೀನಿಕ್ಸ್‌ನ ನನ್ನ ಗ್ಯಾರೇಜಿನಲ್ಲಿ ಖಾಲಿ ತೋಟೆಗಳನ್ನು ಮತ್ತೆ ತುಂಬುವಾಗ ಕೈಯಲ್ಲಿರುವುದೂ ಅದೇ ಕೇಪಿನ ಮೊಮ್ಮಗ. ತೋಟೆಯ ತಳದಲ್ಲಿ ಕೂತು, ಪೆಟ್ಟು ಬಿದ್ದಾಗ ಹೊತ್ತಿ ಮದ್ದಿಗೆ ಬೆಂಕಿ ಕೊಡುವ ಇದರ ಹೆಸರು ಪ್ರೈಮರ್ ಅಂತ ಆಗಿದೆ, ಅಷ್ಟೇ.

ನನ್ನದು ಎಂ1 ಗರಾಂಡ್. 1936ರಲ್ಲಿ ಅಮೆರಿಕದ ಸೇನೆ ಒಪ್ಪಿಕೊಂಡ ಅರೆ-ಸ್ವಯಂಚಾಲಿತ ರೈಫಲ್. .30-06 ತೋಟೆ, ಎಂಟು ತೋಟೆ ಒಟ್ಟಿಗೆ ಹಿಡಿಯುವ ಕ್ಲಿಪ್. ಇಲ್ಲಿನ ಪೌರತ್ವ ಬಂದ ಮೇಲೆ ಸಿಎಂಪಿಯಿಂದ ಕೊಂಡೆ. ಹಳೆಯ ಸೇನಾ ರೈಫಲ್‌ಗಳನ್ನು ಗುರಿ ಅಭ್ಯಾಸ ಮಾಡುವವರಿಗೆ ಮಾರುವ ಸಂಸ್ಥೆ ಅದು. 2018ರಿಂದ ಈ ರೈಫಲ್‌ನಲ್ಲಿ ಹೆಚ್ಚುಕಡಿಮೆ ಐದು ಸಾವಿರ ಈಡು ಹೊಡೆದಿದ್ದೇನೆ. ನಡುವೆ ಕೆಲವು ತಿಂಗಳು ಬಿಟ್ಟರೆ ಎಲ್ಲವೂ ಸಿಸಿಐ ಕಂಪನಿಯ ನಂ. 34 ಪ್ರೈಮರಿನವು. ಆ ಕೆಲವು ತಿಂಗಳ ಕಥೆಯೇ ಈ ವಿಮರ್ಶೆ ಬರೆಯಲು ಕಾರಣ.

ಮೊದಲು ರೈಫಲ್‌ನ ಒಂದು ಸ್ವಭಾವ ಹೇಳಬೇಕು. ಗರಾಂಡ್‌ನ ಫೈರಿಂಗ್ ಪಿನ್‌ಗೆ (ಪ್ರೈಮರಿಗೆ ಹೊಡೆಯುವ ಮೊಳೆ) ಹಿಂದಕ್ಕೆ ಎಳೆದು ಹಿಡಿಯುವ ಸ್ಪ್ರಿಂಗ್ ಇಲ್ಲ. ತೋಟೆಯನ್ನು ನಳಿಗೆಗೆ ತಳ್ಳಿ ಹಿಂದಿನಿಂದ ಮುಚ್ಚುವ ಬೋಲ್ಟ್ ಒಳಗೆ ಸಡಿಲವಾಗಿ ಓಡಾಡುತ್ತದೆ. ಎಂ1ಎ, ಎಆರ್-15 ರೈಫಲ್‌ಗಳಲ್ಲೂ ಹೀಗೇ. ಬೋಲ್ಟ್ ರಭಸದಿಂದ ಬಂದು ನಿಂತಾಗ ಪಿನ್ ಮಾತ್ರ ನಿಲ್ಲುವುದಿಲ್ಲ. ಬಸ್ಸಿನ ಡ್ರೈವರ್ ಬ್ರೇಕ್ ಹಾಕಿದಾಗ ನಿಂತವರು ಮುಂದಕ್ಕೆ ಮುಗ್ಗರಿಸುತ್ತಾರಲ್ಲ, ಹಾಗೆ ಮುಂದೆ ಹೋಗಿ ಪ್ರೈಮರಿಗೆ ಮೆಲ್ಲಗೆ ಕುಟ್ಟುತ್ತದೆ. ಗರಾಂಡ್‌ನಲ್ಲಿ ಪಿನ್ನಿನ ಬಾಲವನ್ನು ಬೋಲ್ಟ್ ತಿರುಗುವವರೆಗೆ ತಡೆಯುವ ಏರ್ಪಾಟು ಇದೆ ನಿಜ. ಆದರೆ ಕೊನೆಯಲ್ಲಿ ಸಣ್ಣ ಪೆಟ್ಟು ಬಿದ್ದೇ ಬೀಳುತ್ತದೆ. ಹೊಡೆಯದೆ ಹೊರತೆಗೆದ ತೋಟೆಯ ಪ್ರೈಮರ್ ನೋಡಿ, ಸಾಸಿವೆಯಷ್ಟು ಗುಳಿ ಕಾಣುತ್ತದೆ. ಅದು ಮಾಮೂಲಿ. ಆ ಸಣ್ಣ ಪೆಟ್ಟಿಗೇ ಪ್ರೈಮರ್ ಹೊತ್ತಿಕೊಂಡರೆ ಟ್ರಿಗರ್ ಮುಟ್ಟದೆ ಗುಂಡು ಹಾರುತ್ತದೆ. ಇದಕ್ಕೆ ಸ್ಲ್ಯಾಮ್‌ಫೈರ್ ಅನ್ನುತ್ತಾರೆ. ಬೋಲ್ಟ್ ಪೂರ್ತಿ ಲಾಕ್ ಆಗುವ ಮೊದಲೇ ಹೀಗಾದರೆ ಒತ್ತಡವೆಲ್ಲ ಹಿಂದಕ್ಕೆ, ಹೊಡೆಯುವವನ ಮುಖದ ಕಡೆಗೆ ಬರುತ್ತದೆ.

ನಂ. 34 ಇರುವುದೇ ಇದಕ್ಕಾಗಿ. 7.62 ನೇಟೋ ತೋಟೆಗೆಂದು ಮಾಡಿದ ದೊಡ್ಡ ರೈಫಲ್ ಪ್ರೈಮರ್ ಇದು, .30-06ಕ್ಕೂ ಅದೇ ಅಳತೆ. ಸೂಕ್ಷ್ಮತೆಯನ್ನು ಸೇನೆಯ ಮಟ್ಟಕ್ಕೆ ಹೊಂದಿಸಿರುತ್ತಾರೆ. ಸಣ್ಣ ಪೆಟ್ಟಿಗೆಲ್ಲ ಜಗ್ಗುವುದಿಲ್ಲ, ಟ್ರಿಗರ್ ಎಳೆದಾಗ ಬೀಳುವ ಹ್ಯಾಮರ್ ಹೊಡೆತಕ್ಕೆ ಮಾತ್ರ ಹೊತ್ತಿಕೊಳ್ಳುತ್ತದೆ. ಎಆರ್-15ರ 5.56ಕ್ಕೆ ಇದರ ಚಿಕ್ಕ ತಮ್ಮ ನಂ. 41.

ಈಗ ಆ ಕಥೆ. 2021ರಲ್ಲಿ ಅಮೆರಿಕದಲ್ಲೆಲ್ಲ ಪ್ರೈಮರಿಗೆ ಬರಗಾಲ. ಸಾವಿರಕ್ಕೆ ನಲವತ್ತು ಡಾಲರ್ ಕೊಡುತ್ತಿದ್ದವನು ನೂರು ಹಿಡಿದುಕೊಂಡು ಹೋದರೂ ಬರಿಗೈಲಿ ಬರಬೇಕಿತ್ತು. ಕೊನೆಗೆ ಒಂದು ಅಂಗಡಿಯಲ್ಲಿ ಬೇರೆ ಕಂಪನಿಯ ಮ್ಯಾಚ್ ಪ್ರೈಮರ್ ಸಿಕ್ಕಿತು. ಒಳ್ಳೆಯ ಮಾಲೇ. ಬೋಲ್ಟ್-ಆ್ಯಕ್ಷನ್‌ನಲ್ಲಿ (ಪ್ರತಿ ಈಡಿಗೂ ಬೋಲ್ಟನ್ನು ಕೈಯಿಂದ ಎಳೆಯುವ ರೈಫಲ್) ಗುರಿ ಸ್ಪರ್ಧೆಗೆ ಹೋಗುವವರು ಹುಡುಕಿಕೊಂಡು ಹೋಗುವಂಥದ್ದು. ಆದರೆ ಅದರ ಕಪ್, ಅಂದರೆ ಪ್ರೈಮರಿನ ಲೋಹದ ಬಟ್ಟಲು, ಮೆತ್ತಗೆ. ಗೊತ್ತಿದ್ದೂ ತಂದೆ. ಮೂರನೇ ಕ್ಲಿಪ್‌ನಲ್ಲಿ ಒಂದು ಸಲ ಟ್ರಿಗರ್ ಎಳೆದೆ, ಎರಡು ಈಡು ಹೋಯಿತು! ಬೋಲ್ಟ್ ಲಾಕ್ ಆಗಿತ್ತು, ನಳಿಗೆ ಮಣ್ಣುದಿಬ್ಬದ ಕಡೆಗಿತ್ತು, ಯಾರಿಗೂ ಏನೂ ಆಗಲಿಲ್ಲ. ಕೈ ಮಾತ್ರ ಸುಮಾರು ಹೊತ್ತು ನಡುಗುತ್ತಿತ್ತು. ಪಕ್ಕದ ಬೆಂಚಿನ ಹಿರಿಯರೊಬ್ಬರು ಎದ್ದು ಬಂದು ರೈಫಲ್ ಖಾಲಿ ಮಾಡಿಸಿ, ಉಳಿದ ತೋಟೆಗಳ ಮೇಲೆ ಬೆರಳಾಡಿಸಿದರು. ಎರಡರಲ್ಲಿ ಪ್ರೈಮರ್ ಕೂದಲೆಳೆಯಷ್ಟು ಮೇಲೆದ್ದಿತ್ತು.

ಅಂದರೆ ತಪ್ಪು ಪ್ರೈಮರಿನದಲ್ಲ, ನನ್ನದೇ. ಆ ತೋಟೆಗಳು ಸೇನೆಯ ಹಳೆಯವು. ಪ್ರೈಮರ್ ಅಲುಗದಿರಲಿ ಅಂತ ಸೇನೆಯ ತೋಟೆಯಲ್ಲಿ ಅದು ಕೂರುವ ಗುಳಿಯ ಅಂಚನ್ನು ಒತ್ತಿ ಬಿಗಿ ಮಾಡಿರುತ್ತಾರೆ. ಆ ಅಂಚನ್ನು ಸರಿಯಾಗಿ ತೆಗೆಯದೆ ತುಂಬಿದರೆ ಹೊಸ ಪ್ರೈಮರ್ ತಳ ಮುಟ್ಟುವುದಿಲ್ಲ. ನಾನು ಅವಸರದಲ್ಲಿ ಕೆಲವಕ್ಕೆ ಬಿಟ್ಟಿದ್ದೆ. ಮೆತ್ತನೆಯ ಕಪ್, ಮೇಲೆದ್ದ ಪ್ರೈಮರ್, ಸಡಿಲ ಪಿನ್: ಮೂರೂ ಒಂದೇ ಕಡೆ ಸೇರಿದ್ದವು.

ಅವತ್ತಿನಿಂದ ಒಂದೊಂದು ತೋಟೆಯನ್ನೂ ಬೆರಳಿನಿಂದ ಸವರಿ ನೋಡುತ್ತೇನೆ. ಪ್ರೈಮರ್ ತೋಟೆಯ ತಳಕ್ಕಿಂತ ಇಂಚಿನ ಸಾವಿರ ಭಾಗದಲ್ಲಿ ಮೂರರಿಂದ ಐದು ಭಾಗದಷ್ಟು ಒಳಗೆ ಇರಬೇಕು. ಸಂಶಯ ಬಂದರೆ ಗಾಜಿನ ಮೇಲೆ ನಿಲ್ಲಿಸುತ್ತೇನೆ, ಮೇಲೆದ್ದಿದ್ದರೆ ತೋಟೆ ಅಲುಗಾಡುತ್ತದೆ. ಪ್ರೈಮರ್ ಕೂರಿಸಲು ಕೈಯಲ್ಲಿ ಹಿಡಿಯುವ ಉಪಕರಣವೇ ನನಗೆ ಇಷ್ಟ. ತಳ ಮುಟ್ಟಿದ್ದು ಬೆರಳಿಗೇ ಗೊತ್ತಾಗುತ್ತದೆ. ಕಣ್ಣಿಗೆ ಕನ್ನಡಕ ಇಲ್ಲದೆ ಈ ಕೆಲಸಕ್ಕೆ ಕೂರುವುದಿಲ್ಲ.

ಮತ್ತೆ ನಂ. 34ಕ್ಕೆ ಬರೋಣ. ಏಳು ವರ್ಷದಲ್ಲಿ ಇದರಿಂದ ಒಂದೂ ಸ್ಲ್ಯಾಮ್‌ಫೈರ್ ಇಲ್ಲ, ಹೊತ್ತದೆ ಕೈಕೊಟ್ಟದ್ದೂ ಇಲ್ಲ. ಹೊಡೆಯದೆ ತೆಗೆದ ತೋಟೆಯಲ್ಲಿ ಗುಳಿ ತೀರಾ ಚಿಕ್ಕದು. ಹೊಸ ಪೆಟ್ಟಿಗೆ ತೆರೆದಾಗಲೆಲ್ಲ ರೇಂಜಿನಲ್ಲಿ, ನಳಿಗೆ ದಿಬ್ಬಕ್ಕೆ ಮುಖ ಮಾಡಿ, ಎರಡು ಮೂರು ತೋಟೆ ಹೀಗೆ ಹಾಕಿ ತೆಗೆದು ನೋಡುತ್ತೇನೆ. ಗುಳಿ ಬಿದ್ದ ತೋಟೆಯನ್ನೇ ಮತ್ತೆ ಮತ್ತೆ ಒಳಗೆ ಹಾಕುವುದಿಲ್ಲ. ಒಂದೊಂದೇ ತೋಟೆ ಹಾಕುವಾಗ ನಳಿಗೆಯ ಹಿಂಬದಿಯ ಚೇಂಬರಿಗೆ ಕೈಯಿಂದ ತೂರಿಸಿ ಬೋಲ್ಟ್ ಬಿಡುವುದೂ ಇಲ್ಲ. ಕ್ಲಿಪ್‌ನಿಂದ ತೋಟೆ ಎಳೆದುಕೊಂಡು ಬರುವಾಗ ಬೋಲ್ಟ್‌ನ ವೇಗ ಸ್ವಲ್ಪ ತಗ್ಗುತ್ತದೆ. ಕೈಯಿಂದ ಹಾಕಿದರೆ ಆ ತಡೆಯೇ ಇರುವುದಿಲ್ಲ.

ಒಂದು ಎಚ್ಚರಿಕೆ. ನಂ. 34ರ ಬೆಂಕಿ, ಹೆಚ್ಚು ಮದ್ದಿನ ತೋಟೆಗಳಿಗೆಂದು ಮಾಡುವ ಮ್ಯಾಗ್ನಮ್ ಪ್ರೈಮರಿನಷ್ಟು ಜೋರು. ಬೇರೆ ಪ್ರೈಮರಿಗೆ ಹೊಂದಿಸಿದ ಮದ್ದಿನ ಅಳತೆಗೆ ಸುಮ್ನೆ ಇದನ್ನು ಸೇರಿಸಬಾರದು. ಲೋಡಿಂಗ್ ಕೈಪಿಡಿಯಲ್ಲಿ ಗರಾಂಡ್‌ಗೆಂದೇ ಇರುವ ಪುಟ ತೆಗೆದು, ಕನಿಷ್ಠ ಅಳತೆಯಿಂದ ಮತ್ತೆ ಶುರು ಮಾಡಬೇಕು. ಹೆಸರು, ನಂಬರ್ ಓದುವುದೂ ಮುಖ್ಯ. ರೆಮಿಂಗ್ಟನ್ 6½ ಮತ್ತು 7½ ಎರಡೂ ಚಿಕ್ಕ ರೈಫಲ್ ಪ್ರೈಮರುಗಳೇ. ಆದರೆ 5.56ರ ಜೋಡಿ ತೋಟೆಯಾದ .223ಕ್ಕೆ 6½ ಬೇಡ ಅಂತ ಕಂಪನಿಯೇ ಹೇಳುತ್ತದೆ.

ಹಾಗಾದ್ರೆ ಎಲ್ಲರಿಗೂ ನಂ. 34 ಬೇಕಾ? ಇಲ್ಲ. ಸಿಸಿಐ 200ರಂಥ ಸಾದಾ ಪ್ರೈಮರನ್ನು ಸರಿಯಾಗಿ ಕೂರಿಸಿ ಗರಾಂಡ್‌ನಲ್ಲಿ ವರ್ಷಗಟ್ಟಲೆ ಹೊಡೆಯುವವರು ನಮ್ಮ ರೇಂಜಿನಲ್ಲೇ ಇದ್ದಾರೆ. ಬೋಲ್ಟ್-ಆ್ಯಕ್ಷನ್ ಇದ್ದವರಿಗೆ ಇದರಿಂದ ವಿಶೇಷ ಲಾಭ ಇಲ್ಲ. ಆ ಮ್ಯಾಚ್ ಪ್ರೈಮರ್ ಈಗಲೂ ಅರ್ಧ ಡಬ್ಬಿ ಉಳಿದಿದೆ, ಬೋಲ್ಟ್-ಆ್ಯಕ್ಷನ್ ಇರುವ ಗೆಳೆಯನಿಗೆ ಕೊಡಬೇಕು. ಕೊರಿಯರ್‌ನಲ್ಲಿ ತರಿಸಿದರೆ ಅಪಾಯಕಾರಿ ವಸ್ತು ಅಂತ ಬೇರೆ ಶುಲ್ಕ ಬೀಳುತ್ತದೆ. ಅದಕ್ಕೇ ನಾನು ಒಂದೇ ಸಲ ಐದು ಸಾವಿರ ತರಿಸುತ್ತೇನೆ. ಡಬ್ಬಿಯಿಂದ ತೆಗೆದು ಬಾಟಲಿಗೆ ಸುರಿದಿಡುವ ಚಾಳಿ ಕೆಲವರಿಗಿದೆ, ದಯವಿಟ್ಟು ಬೇಡ. ಬಾಟಲಿಯಲ್ಲಿ ಒಂದು ಹೊತ್ತಿದರೆ ಎಲ್ಲವೂ ಒಟ್ಟಿಗೆ ಸಿಡಿಯುತ್ತವೆ. ಕಂಪನಿಯ ತಟ್ಟೆಯಲ್ಲಿ ಒಂದೊಂದೂ ದೂರ ದೂರ ಕೂತಿರುವುದು ಅಂದಕ್ಕಲ್ಲ. ನನ್ನವು ಅದೇ ತಟ್ಟೆಯಲ್ಲಿ, ಮರದ ಬೀರುವಿನಲ್ಲಿ, ಮಕ್ಕಳ ಕೈಗೆ ಸಿಗದ ಎತ್ತರದಲ್ಲಿವೆ. ಬೀಗದ ಕೈ ನನ್ನ ಜೇಬಿನಲ್ಲಿ.