ಕಲಿಯೋಕೆ ಅಂತ ಹಳೇ ಕಾರು ತಗೊಳ್ಳುವವರೇ, ನೆರೆಯಲ್ಲಿ ಮುಳುಗಿದ ಗಾಡಿ ಬಗ್ಗೆ ಹುಷಾರಾಗಿರಿ

ಬೆಳಗಾವಿ, ನಿಪ್ಪಾಣಿ, ಚಿಕ್ಕೋಡಿ ಕಡೆ ಎಂಎಚ್ ಪಾಸಿಂಗ್ (ಮಹಾರಾಷ್ಟ್ರದಲ್ಲಿ ನೋಂದಣಿಯಾದ) ಸಣ್ಣ ಕಾರು ಅಗ್ಗಕ್ಕೆ ಸಿಗುತ್ತದೆ ಅಂತ ನೋಡುತ್ತಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ನನ್ನ ತಂಗಿಗೆ ಮಾರಿದ್ದು ನೆರೆ ನೀರಿನಲ್ಲಿ ಮುಳುಗಿ ಎದ್ದ ಗಾಡಿ. ಜಗಳ ಮಾಡಿ ವಾಪಸ್ ಕೊಟ್ಟಿದ್ದೇವೆ. ಆದರೆ ಅದು ಗುಜರಿಗೆ ಹೋಗಿಲ್ಲ, ಪಾಲಿಶ್ ಮಾಡಿಸಿಕೊಂಡು ಮತ್ತೆ ಮಾರಾಟಕ್ಕೆ ನಿಂತಿದೆ. ಇಷ್ಟು ಉದ್ದ ಬರೆಯುತ್ತಿರುವುದು ಅದಕ್ಕೇ.

ತಂಗಿ ಟೀಚರ್. ಶಾಲೆ ಇರುವುದು ಖಾನಾಪುರ ತಾಲೂಕಿನ ಒಂದು ಹಳ್ಳಿಯಲ್ಲಿ. ಆ ಕಡೆ ಮಳೆ ಹೇಗೆ ಹೊಡೆಯುತ್ತದೆ ಅಂತ ಗೊತ್ತಿದ್ದವರಿಗೆ ಸ್ಕೂಟಿ ಮೇಲೆ ಹೋಗಿ ಬರುವ ಕಷ್ಟ ಹೇಳಬೇಕಾಗಿಲ್ಲ. ಎಲ್‌ಎಲ್ (ಕಲಿಯುವವರ ಲೈಸೆನ್ಸ್) ಮಾಡಿಸಿದಳು, ಡ್ರೈವಿಂಗ್ ಸ್ಕೂಲ್ ಸೇರಿದಳು, ಭಿಶಿ (ಚೀಟಿ) ಎತ್ತಿದ ದುಡ್ಡಿಗೆ ಇನ್ನಷ್ಟು ಸೇರಿಸಿ ಎರಡು ಲಕ್ಷದೊಳಗೆ ಒಂದು ಗಾಡಿ ನೋಡೋಣ ಅಂದಳು. ಕೇಳಿದವರೆಲ್ಲ ಹೇಳಿದ್ದು ಒಂದೇ ಮಾತು: "ಕಲಿಯಾಕ ಹೊಸಾದ್ ಯಾಕ್ ಬೇಕ್ರಿ, ಹೆಂಗೂ ಅಲ್ಲಿ ಇಲ್ಲಿ ತಾಗಸ್ತಾರ, ಎಂಥಾದರ ನಡೀತದ."

ಹಳೇದು ತಗೊಳ್ಳಿ ಅನ್ನುವುದು ಸರಿ. ಎಂಥದಾದರೂ ನಡೆಯುತ್ತದೆ ಅನ್ನುವುದು ಮಾತ್ರ ಪೂರ್ತಿ ತಪ್ಪು. ವರ್ಷಗಟ್ಟಲೆ ಓಡಿಸಿದವರಿಗೆ ಕ್ಲಚ್ ಜಾರಿದರೆ, ಸ್ಟೇರಿಂಗ್ ಒಂದು ಕಡೆ ಎಳೆದರೆ ಕೂತ ತಕ್ಷಣ ತಿಳಿಯುತ್ತದೆ. ಹೊಸಬರಿಗೆ ಹೇಗೆ ತಿಳಿಯಬೇಕು? ಗಾಡಿ ಬಂದ್ ಬಿದ್ದರೆ ನಾನೇ ಕ್ಲಚ್ ಬೇಗ ಬಿಟ್ಟೆ ಅಂದುಕೊಳ್ಳುತ್ತಾರೆ. ಗೇರ್ ಬೀಳದಿದ್ದರೆ ನನಗೇ ಬರುತ್ತಿಲ್ಲ ಅಂದುಕೊಳ್ಳುತ್ತಾರೆ. ಗಾಡಿಯ ಕೆಡುಕನ್ನೆಲ್ಲ ತಮ್ಮ ತಲೆ ಮೇಲೆ ಹಾಕಿಕೊಳ್ಳುತ್ತಾರೆ. ನನ್ನ ತಂಗಿಗೆ ಆದದ್ದು ಅದೇ, ಹೋದ ದುಡ್ಡಿಗಿಂತ ನನಗೆ ಜಾಸ್ತಿ ಹೊಟ್ಟೆ ಉರಿಸಿದ್ದೂ ಅದೇ.

ಗಾಡಿ ತೋರಿಸಿದ್ದು ಡ್ರೈವಿಂಗ್ ಕಲಿಯುವಾಗ ಪರಿಚಯವಾದ ಒಬ್ಬ ಮನುಷ್ಯ. ತಾನೇ ಕರೆದುಕೊಂಡು ಹೋದ, ತಾನೇ ಒಂದು ರೌಂಡ್ ಓಡಿಸಿದ, "ಮಸ್ತ್ ಐತ್ರಿ ಟೀಚರ್, ಬಿಡಬ್ಯಾಡ್ರಿ" ಅಂದ. ಮಾರಿದವನಿಂದ ಆತನಿಗೆ ಕಮಿಷನ್ ಹೋಗಿದೆ ಅಂತ ಆಮೇಲೆ ಗೊತ್ತಾಯಿತು. ಗಾಡಿ ಪರೀಕ್ಷೆ ಮಾಡುವವರು ನೀವು ದುಡ್ಡು ಕೊಟ್ಟು ಕರೆದ ಮೆಕ್ಯಾನಿಕ್ ಆಗಿರಬೇಕು, ಗಾಡಿ ತೋರಿಸಿದವನೇ ಆಗಿರಬಾರದು.

2016ರ ಮಾಡೆಲ್, ಬಿಳಿ ಬಣ್ಣ, ಎಂಎಚ್ 10 ಪಾಸಿಂಗ್, ಅಂದರೆ ಸಾಂಗ್ಲಿ ಗಾಡಿ. ಕಂಪನಿ ಹೆಸರು ಬೇಡ, ತಪ್ಪು ಕಂಪನಿಯದಲ್ಲ. ಮಾರಿದವನು ಹೇಳಿದ್ದು ಇಷ್ಟು: "ಡಾಕ್ಟರ್ ಓಡಿಸಿದ್ ಗಾಡಿ ಐತ್ರಿ ಸರ್. ಸಿಂಗಲ್ ಓನರ್. ಎನ್‌ಒಸಿ ಒಂದ್ ಹದಿನೈದ್ ದಿನದಾಗ ತರಸ್ತೀನಿ." ಎನ್‌ಒಸಿ ಅಂದರೆ ಗಾಡಿಯನ್ನು ಬೇರೆ ರಾಜ್ಯಕ್ಕೆ ಒಯ್ಯಲು ಅಲ್ಲಿಯ ಆರ್‌ಟಿಒ ಕೊಡುವ ಒಪ್ಪಿಗೆ ಪತ್ರ. ಒಂದು ಲಕ್ಷ ತೊಂಬತ್ತು ಸಾವಿರಕ್ಕೆ ಮಾತಾಯಿತು. ಸೀಟ್ ಕವರ್ ಹೊಸದು, ಕಾಲಡಿಯ ಮ್ಯಾಟ್ ಹೊಸದು, ಒಳಗೆ ಕೂತರೆ ಘಂ ಅಂತ ಪರ್ಫ್ಯೂಮ್. ಹಳೇ ಗಾಡಿಯಲ್ಲಿ ಇಷ್ಟೊಂದು ವಾಸನೆ ಹೊಡೆಸಿದ್ದಾರೆ ಅಂದರೆ ಅದರ ಕೆಳಗೆ ಇನ್ನೊಂದು ವಾಸನೆ ಇದೆ ಅಂತಲೇ ಅರ್ಥ.

ಮೊದಮೊದಲು ಎಲ್ಲ ಸರಿ ಇತ್ತು. ನೀರು ಕುಡಿದ ವೈರಿಂಗ್ ತಕ್ಷಣ ಕೈಕೊಡುವುದಿಲ್ಲ, ಕನೆಕ್ಟರ್ ಒಳಗೆ ನಿಧಾನವಾಗಿ ಕಿಲುಬು ಹಿಡಿಯುತ್ತಾ ಹೋಗುತ್ತದೆ. ಮಳೆಗಾಲ ಶುರುವಾಗಿ ಥಂಡಿ ಬಿದ್ದ ಮೇಲೆ ಆಟ ಶುರುವಾಯಿತು. ಬೆಳಿಗ್ಗೆ ಬೆಳಗಾವಿಯ ಕಾಂಗ್ರೆಸ್ ರಸ್ತೆಯಲ್ಲಿ ನಿಧಾನ ಓಡಿಸುವಾಗ ಸುಮ್ನೆ ಬಂದ್ ಬೀಳುತ್ತಿತ್ತು. ಹಿಂದಿನವರು ಹಾರ್ನ್ ಹೊಡೆಯುವುದು, ಇವಳ ಕೈ ನಡುಗುವುದು. "ನನಗ ಇದು ಬರೂದಿಲ್ಲ ಅಣ್ಣಾ, ಬಿಟ್ಟ ಬಿಡ್ತೀನಿ" ಅಂತ ಎಷ್ಟು ಸಲ ಅಂದಳೋ. ಒಂದು ದಿನ ಗೋವಾವೇಸ್ ಸರ್ಕಲ್ಲಿನಲ್ಲಿ ತಿರುಗುವಾಗ ಡ್ಯಾಶ್‌ಬೋರ್ಡಿನಲ್ಲಿ ಸ್ಟೇರಿಂಗ್ ದೀಪ ಹತ್ತಿತು, ಪವರ್ ಸ್ಟೇರಿಂಗ್ ಹೋಗಿ ಚಕ್ರ ಕಲ್ಲಿನ ಹಾಗೆ ಬಿಗಿಯಾಯಿತು. ಅವಳ ತೋಳಿನ ಶಕ್ತಿ ಸಾಲಲಿಲ್ಲ, ಗಾಡಿ ನೇರ ಡಿವೈಡರ್ ಕಡೆ ಹೋಯಿತು. ಪಕ್ಕದಲ್ಲಿ ನಾನಿದ್ದೆ, ಹ್ಯಾಂಡ್ ಬ್ರೇಕ್ ಎಳೆದೆ. ಬಂಪರ್ ಮುರಿಯಿತು, ಯಾರಿಗೂ ಏನೂ ಆಗಲಿಲ್ಲ. ಅದೇ ಜಾಗದಲ್ಲಿ ಎದುರು ಬೈಕಿನವರು ಇದ್ದಿದ್ದರೆ?

ಉದ್ಯಮಬಾಗ ಕಡೆಯ ಒಬ್ಬ ಹಿರಿಯ ಮೆಕ್ಯಾನಿಕ್ ಹತ್ತಿರ ಒಯ್ದೆವು. ಅವರು ಬಾನೆಟ್ ತೆಗೆಯಲೇ ಇಲ್ಲ. ಹಿಂದಿನ ಬಾಗಿಲು ತೆಗೆದು ಸೀಟ್ ಬೆಲ್ಟ್ ಹಿಡಿದು ಎಳೆದರು, ಇನ್ನೂ ಎಳೆದರು, ಸುರುಳಿಯಲ್ಲಿ ಇನ್ನು ಇಲ್ಲ ಅನ್ನುವತನಕ ಎಳೆದರು. ಕೊನೆಯ ಒಂದು ಗೇಣು ಪಟ್ಟಿಯ ಬಣ್ಣವೇ ಬೇರೆ. ಅಡ್ಡಕ್ಕೆ ಒಂದು ಕೆಂಚು ಗೆರೆ, ಉಗುರಿನಿಂದ ಕೆರೆದರೆ ಪುಡಿ ಮಣ್ಣು ಉದುರಿತು. "ಹೊಳಿ ನೀರ್ರಿ ಇದು" ಅಂದರು, ಅಷ್ಟೇ. ಆಮೇಲೆ ಮ್ಯಾಟ್ ಎತ್ತಿ, ಅದರ ಕೆಳಗಿನ ಹಾಸು ಸರಿಸಿ, ಸೀಟಿನ ಕೆಳಗಿನ ರೈಲು ತೋರಿಸಿದರು. ಬೋಲ್ಟ್‌ಗಳೆಲ್ಲ ತುಕ್ಕು. ಡ್ಯಾಶ್‌ಬೋರ್ಡ್ ಅಡಿಯಲ್ಲಿ ಟಾರ್ಚ್ ಹಾಕಿ ನೋಡಿದರೆ ಕನೆಕ್ಟರ್ ಪಿನ್ನುಗಳು ಹಸಿರು ಹಸಿರು. ಏರ್‌ಬ್ಯಾಗ್ ನಡೆಸುವ ಡಬ್ಬಿ ಹೆಚ್ಚಿನ ಕಾರುಗಳಲ್ಲಿ ಗೇರ್ ಹತ್ತಿರ ನೆಲಕ್ಕೇ ಕೂತಿರುತ್ತದೆ, ನೀರು ಮೊದಲು ಮುಟ್ಟುವುದೇ ಅದನ್ನ. ಅಪಘಾತದ ಹೊತ್ತಿಗೆ ಅದು ಕೆಲಸ ಮಾಡುತ್ತದೆ ಅಂತ ನಂಬುವ ಹಾಗಿಲ್ಲ.

ಕಂಪನಿ ಸರ್ವಿಸ್ ಸೆಂಟರಿನಲ್ಲಿ ಗಾಡಿ ನಂಬರ್ ಕೊಟ್ಟು ಹಳೇ ದಾಖಲೆ ಕೇಳಿದೆವು. ಕೊನೆಯ ಎಂಟ್ರಿ 2021ರ ಜುಲೈ ತಿಂಗಳದು, ನೀರು ನುಗ್ಗಿ ಎಳೆದು ತಂದ ಗಾಡಿ ಅಂತ. ನಿಮಗೆ ನೆನಪಿರಬೇಕು, ಆಗ ಕೃಷ್ಣೆ, ಪಂಚಗಂಗೆ ಉಕ್ಕಿ ಸಾಂಗ್ಲಿ, ಕೊಲ್ಹಾಪುರ ಮುಳುಗಿ, ನಿಪ್ಪಾಣಿ ಹತ್ತಿರ ಪುಣೆ-ಬೆಂಗಳೂರು ಹೈವೇ ಕೂಡ ಬಂದ್ ಆಗಿತ್ತು. 2019ರ ಆಗಸ್ಟ್‌ನಲ್ಲಂತೂ ಆ ಊರುಗಳ ಜೊತೆ ನಮ್ಮ ಗೋಕಾಕ, ಅಥಣಿ, ಜಮಖಂಡಿ, ಮುಧೋಳ ಕಡೆಯೂ ನೀರು. ಇಂಥ ಗಾಡಿ ರಿಪೇರಿಗೆ ಅದರ ವಿಮೆ ಮೌಲ್ಯದ ಶೇ 75ಕ್ಕಿಂತ ಜಾಸ್ತಿ ಖರ್ಚು ಬಂದರೆ ಇನ್ಶೂರೆನ್ಸ್ ಕಂಪನಿ 'ಟೋಟಲ್ ಲಾಸ್' ಅಂತ ಬರೆದು ಮಾಲೀಕರಿಗೆ ದುಡ್ಡು ಕೊಡುತ್ತದೆ. ಗಾಡಿ ಹರಾಜಿಗೆ ಹೋಗುತ್ತದೆ. ಹರಾಜಿನಲ್ಲಿ ಹಿಡಿದವರು ತೊಳೆದು, ಒಣಗಿಸಿ, ಆರ್‌ಸಿ (ನೋಂದಣಿ ಪತ್ರ) ರದ್ದಾಗಿರದಿದ್ದರೆ ಹಾಗೇ ಬೇರೆ ಊರಿಗೆ ದಾಟಿಸುತ್ತಾರೆ. ಬೆಳಗಾವಿ ಜಿಲ್ಲೆ ಗಡಿಯಲ್ಲೇ ಇದೆ. ವಿಜಯಪುರಕ್ಕೂ ಸೊಲ್ಲಾಪುರ, ಸಾಂಗ್ಲಿ ಏನು ದೂರ?

ಕಾಗದದ ಕಥೆ ಇನ್ನೂ ಕೆಟ್ಟದು. ಹದಿನೈದು ದಿನದ ಎನ್‌ಒಸಿ ತಿಂಗಳುಗಳಾದರೂ ಬರಲಿಲ್ಲ. ಆರ್‌ಸಿಯಲ್ಲಿ ಹಳೇ ಸಾಲದ ಎಚ್‌ಪಿ (ಸಾಲ ಕೊಟ್ಟವರ ಹಕ್ಕಿನ ನಮೂದು) ಹಾಗೇ ಇತ್ತು. ಫಾರ್ಮ್ 35 ಕೊಟ್ಟು ಅದನ್ನು ತೆಗೆಸದೆ, ಇಲ್ಲವೇ ಸಾಲ ಕೊಟ್ಟವರ ಒಪ್ಪಿಗೆ ತರದೆ ಎನ್‌ಒಸಿ, ಅಂದರೆ ಫಾರ್ಮ್ 28, ಸಿಗುವುದಿಲ್ಲ. ಎನ್‌ಒಸಿ ಇಲ್ಲದೆ ಇಲ್ಲಿ ಹೆಸರಿಗೆ ಆಗುವುದಿಲ್ಲ. ಇನ್ಶೂರೆನ್ಸ್ ಹಳೇ ಮಾಲೀಕರ ಹೆಸರಿನಲ್ಲಿ, ಅದೂ ಬರೀ ಥರ್ಡ್ ಪಾರ್ಟಿ, ಅಂದರೆ ಬೇರೆಯವರಿಗಾದ ನಷ್ಟಕ್ಕೆ ಮಾತ್ರ. ಗೋವಾವೇಸ್‌ನಲ್ಲಿ ಮುರಿದ ಬಂಪರಿಗೆ ಒಂದು ರೂಪಾಯಿ ಸಿಗಲಿಲ್ಲ. ಇನ್ನೊಂದು ವಿಷಯ ಯಾರೂ ಹೇಳುವುದಿಲ್ಲ: ಬೇರೆ ರಾಜ್ಯದ ಗಾಡಿ ಇಲ್ಲಿ ಹನ್ನೆರಡು ತಿಂಗಳು ಮೀರಿ ಇದ್ದರೆ ಕೆಎ ನಂಬರ್ ಮಾಡಿಸಲೇಬೇಕು, ಕರ್ನಾಟಕದ ಲೈಫ್ ಟ್ಯಾಕ್ಸ್ ಬೇರೆ ಕಟ್ಟಬೇಕು. ಅದು ಗಾಡಿಯ ಬೆಲೆ ಮತ್ತು ವಯಸ್ಸು ನೋಡಿ ಹಾಕುವುದು. ಎಂಎಚ್ ಗಾಡಿ ಅಗ್ಗ ಅನ್ನಿಸುವುದು ಈ ಖರ್ಚು ಸೇರಿಸುವ ತನಕ ಮಾತ್ರ. ನನ್ನ ಮಟ್ಟಿಗೆ ಹೊಸಬರಿಗೆ ಕೆಎ 22, 23, 24, 28, 29, 48, 49, ಹೀಗೆ ನಮ್ಮ ಕಡೆಯದ್ದೇ ಪಾಸಿಂಗ್ ಸಾಕು. ಹತ್ತಿಪ್ಪತ್ತು ಸಾವಿರ ಜಾಸ್ತಿ ಆದರೂ ಪರವಾಗಿಲ್ಲ.

ಇಷ್ಟೆಲ್ಲ ಆದ ಮೇಲೆ ಅಡ್ವಾನ್ಸ್ ಕೊಡುವ ಮೊದಲು ಏನು ನೋಡಬೇಕು ಅಂತ ಕೇಳುವವರಿಗೆ ನಾನು ಹೇಳುವುದು ಇದು. ವಾಹನ್ ಪೋರ್ಟಲ್ ಅಥವಾ ಎಂ-ಪರಿವಾಹನ್ ಆ್ಯಪಿನಲ್ಲಿ ನಂಬರ್ ಹಾಕಿ. ಎಷ್ಟನೇ ಓನರ್, ಎಚ್‌ಪಿ ಇದೆಯಾ, ಇನ್ಶೂರೆನ್ಸ್ ಯಾವಾಗ ಮುಗಿಯುತ್ತದೆ, ಎಲ್ಲ ಗೊತ್ತಾಗುತ್ತದೆ. ಇ-ಚಲನ್ ಬಾಕಿ ಬೇರೆ ನೋಡಿ. ಚಾಸಿ ನಂಬರನ್ನು ಗಾಡಿ ಮೇಲೆ ಕಣ್ಣಾರೆ ನೋಡಿ ಆರ್‌ಸಿ ಜೊತೆ ಹೋಲಿಸಿ. ಸರ್ವಿಸ್ ಸೆಂಟರ್ ದಾಖಲೆ ಕೇಳದೆ ಮುಂದೆ ಹೋಗಬೇಡಿ, ಕಿಲೋಮೀಟರ್ ತಿರುಗಿಸಿದ್ದರೂ ಅಲ್ಲೇ ಸಿಕ್ಕಿಬೀಳುತ್ತದೆ. ಮೀಟರಿನಲ್ಲಿ ನಲವತ್ತು ಸಾವಿರ ಇದ್ದು ಕ್ಲಚ್ ಪೆಡಲಿನ ರಬ್ಬರ್ ಸವೆದು ನುಣ್ಣಗಾಗಿದ್ದರೆ ಮೀಟರನ್ನು ನಂಬಬೇಡಿ.

ಬರುತ್ತೇವೆ ಅಂತ ಹೇಳಿ ಹೋದರೆ ಎಂಜಿನ್ ಮೊದಲೇ ಬಿಸಿ ಮಾಡಿ ಇಟ್ಟಿರುತ್ತಾರೆ. ಬಾನೆಟ್ ಮುಟ್ಟಿ ನೋಡಿ, ಬೆಚ್ಚಗಿದ್ದರೆ ಇನ್ನೊಂದು ದಿನ ಬರುತ್ತೇವೆ ಅನ್ನಿ. ತಣ್ಣಗಿದ್ದಾಗ ಸ್ಟಾರ್ಟ್ ಮಾಡಿ. ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ. ಆಯಿಲ್ ಹಾಕುವ ಮುಚ್ಚಳದ ಒಳಗೆ ಬಿಳಿಚಿದ ಜಿಡ್ಡು ಕೂತಿದ್ದರೆ ಎಂಜಿನ್ನಿಗೆ ನೀರು ಸೇರುತ್ತಿರಬಹುದು, ಅಂಥದ್ದು ಬೇಡವೇ ಬೇಡ. ಬೆಲ್ಟ್ ಎಳೆಯುವುದು, ಹಾಸು ಎತ್ತುವುದು, ಸ್ಟೆಪ್ನಿ ಇಡುವ ಗುಂಡಿ ನೋಡುವುದು, ಇದಕ್ಕೆಲ್ಲ ಮಾರುವವರು ಮುಖ ಸಿಂಡರಿಸಿದರೆ ಅಲ್ಲಿಂದ ಎದ್ದು ಬನ್ನಿ. ಎಲ್ಲ ಗಾಜಿನ ಮೇಲೆ ಸಣ್ಣಗೆ ವರ್ಷದ ಗುರುತು ಇರುತ್ತದೆ, ಒಂದೇ ಗಾಜು ಬೇರೆ ವರ್ಷದ್ದಾದರೆ ಯಾಕೆ ಅಂತ ಕೇಳಿ.

ಯಾವ ಗಾಡಿ ಅಂತ ಕೇಳಿದರೆ, ಪೆಟ್ರೋಲಿನ ಸಣ್ಣ ಗಾಡಿ: ಆಲ್ಟೊ, ವ್ಯಾಗನ್ಆರ್, ಐ10, ಇಂಥವು. ವಿಜಯಪುರ ಜಿಲ್ಲೆಯ ಇಂಡಿಯಲ್ಲಿ, ಬೈಲಹೊಂಗಲದಲ್ಲಿ ಎಲ್ಲೇ ನಿಂತರೂ ಪಾರ್ಟ್ಸ್ ಸಿಗುತ್ತವೆ, ಯಾವ ಮೆಕ್ಯಾನಿಕ್ಕಿಗೂ ಕೈ ಪಳಗಿರುತ್ತದೆ. ವ್ಯಾಗನ್ಆರ್ ಎತ್ತರ ಇರುವುದರಿಂದ ಹೊಸಬರಿಗೆ ಸುತ್ತ ಚೆನ್ನಾಗಿ ಕಾಣುತ್ತದೆ. ಆಲ್ಟೊ 800 ತಗೊಂಡರೆ ಟೈಮಿಂಗ್ ಬೆಲ್ಟ್ (ಎಂಜಿನ್ನಿನೊಳಗಿನ, ಆಗಾಗ ಬದಲಿಸಬೇಕಾದ ರಬ್ಬರ್ ಪಟ್ಟಿ) ಯಾವಾಗ ಬದಲಾಯಿಸಿದ್ದಾರೆ ಕೇಳಿ. ಕೆ10 ಎಂಜಿನ್ನಿನಲ್ಲಿ ಚೈನ್ ಇದೆ, ಆ ತಲೆನೋವಿಲ್ಲ. ದುಡ್ಡು ಹೊಂದುವುದಾದರೆ 2019ರ ಜುಲೈ ನಂತರ ತಯಾರಾದದ್ದೇ ನೋಡಿ, ಆ ಹೊತ್ತಿಗೆ ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಜಾಮ್ ಆಗದಂತೆ ತಡೆಯುವುದು), ಡ್ರೈವರ್ ಏರ್‌ಬ್ಯಾಗ್ ಎರಡೂ ಕಡ್ಡಾಯ ಆಗಿದ್ದವು. ಹದಿನೈದು ವರ್ಷ ಹತ್ತಿರ ಬಂದ ಗಾಡಿ ಬೇಡ. ಎಫ್‌ಸಿ (ಗಾಡಿ ಓಡಲು ಯೋಗ್ಯ ಅನ್ನುವ ಪ್ರಮಾಣಪತ್ರ) ಮಾಡಿಸಿ ಆರ್‌ಸಿ ನವೀಕರಣ ಮಾಡಿಸಬೇಕು, 2022ರ ಏಪ್ರಿಲ್‌ನಿಂದ ಅದರ ಶುಲ್ಕವೇ 600ರಿಂದ 5,000 ರೂಪಾಯಿಗೆ ಏರಿದೆ.

ದುಡ್ಡು ಪೂರ್ತಿ ಒಂದೇ ಸಲ ಕೊಡಬೇಡಿ. ಆರ್‌ಸಿ ನಿಮ್ಮ ಹೆಸರಿಗೆ ಆಗುವತನಕ ಒಂದಷ್ಟು ಕೈಯಲ್ಲಿ ಇಟ್ಟುಕೊಳ್ಳಿ. ಹೆಸರು ವರ್ಗಾವಣೆಯ ಫಾರ್ಮ್ 29, 30ಕ್ಕೆ ಆರ್‌ಸಿಯಲ್ಲಿ ಹೆಸರು ಇರುವವರದ್ದೇ ಸಹಿ ಬೇಕು. ಇನ್ಶೂರೆನ್ಸ್ ಹದಿನಾಲ್ಕು ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಲು ಅರ್ಜಿ ಕೊಡಿ. 2023ರ ಏಪ್ರಿಲ್‌ನಿಂದ ಹಳೇ ಗಾಡಿ ಮಾರುವ ಡೀಲರ್‌ಗಳು ಆರ್‌ಟಿಒದಿಂದ ಅಧಿಕೃತ ಪ್ರಮಾಣಪತ್ರ ತಗೊಳ್ಳಬೇಕು ಅಂತ ನಿಯಮ ಇದೆ. ತೋರಿಸಿ ಅಂತ ಧೈರ್ಯವಾಗಿ ಕೇಳಿ. ನಮಗೆ ಮಾರಿದವನ ಹತ್ತಿರ ಅದು ಇರಲಿಲ್ಲ. ಕಲಿಯುವಾಗ ಎಲ್ ಬೋರ್ಡ್ ಹಾಕಿ, ಪಕ್ಕದಲ್ಲಿ ಪಕ್ಕಾ ಲೈಸೆನ್ಸ್ ಇದ್ದವರು ಕೂತಿರಲಿ. ಇಲ್ಲದಿದ್ದರೆ ಏನಾದರೂ ಆದಾಗ ಕ್ಲೇಮಿಗೂ ತೊಂದರೆ.

ಈಗಾಗಲೇ ಸಿಕ್ಕಿಹಾಕಿಕೊಂಡವರು ಕೈಚೆಲ್ಲಿ ಕೂರಬೇಡಿ. ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಜಿಲ್ಲಾ ಗ್ರಾಹಕರ ಆಯೋಗದಲ್ಲಿ ಎರಡು ವರ್ಷದೊಳಗೆ ದೂರು ಕೊಡಬಹುದು, ಕೊಟ್ಟ ಹಣ ಐದು ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ. ನಾವು ವಕೀಲರಿಂದ ನೋಟಿಸ್ ಕಳಿಸಿದ ಮೇಲೆ ಆತ ಗಾಡಿ ವಾಪಸ್ ತಗೊಂಡ, ನಲವತ್ತು ಸಾವಿರ ಮುರಿದುಕೊಂಡು. ತಂಗಿಗೆ ಕೋರ್ಟು ಅಲೆಯುವುದು ಬೇಡವಾಗಿತ್ತು, ಅಷ್ಟಕ್ಕೇ ಮುಗಿಸಿದೆವು. ಅದೂ ಸಿಕ್ಕಿದ್ದು ಯಾಕೆಂದರೆ ದುಡ್ಡು ಬ್ಯಾಂಕ್ ಮೂಲಕ ಕೊಟ್ಟಿದ್ದೆವು, ಮತ್ತೆ "ಎನ್‌ಒಸಿ ಮುಂದಿನ ವಾರ ಪಕ್ಕಾ" ಅಂತ ಆತ ಕಳಿಸಿದ್ದ ವಾಟ್ಸಾಪ್ ಮೆಸೇಜುಗಳು ಒಂದೂ ಅಳಿಸದೆ ತಂಗಿಯ ಫೋನಿನಲ್ಲಿದ್ದವು. ನೀವೂ ಬಾಯಿಮಾತಿನ ವ್ಯವಹಾರ ಬಿಟ್ಟು ಎಲ್ಲವನ್ನೂ ಬರೆಸಿಕೊಳ್ಳಿ. 'ಅಪಘಾತವಾದ, ನೀರಿನಲ್ಲಿ ಮುಳುಗಿದ ಗಾಡಿ ಅಲ್ಲ' ಅನ್ನುವ ಸಾಲು ಆ ಕಾಗದದಲ್ಲಿ ಇರಲೇಬೇಕು.