ಕಾಯಂ ಹುದ್ದೆ, ಏಜೆನ್ಸಿ, ಪೂಲ್: ಹಳೇ ನರ್ಸ್‌ಗೆ ಒಗ್ಗುವುದು ಯಾವುದು?

ನನ್ನ ಓಟು ಪೂಲ್‌ಗೆ. ಮೂರರಲ್ಲೂ ದುಡಿದ ಮೇಲೆ ಹೇಳುತ್ತಿರುವ ಮಾತಿದು. ಹಾಗಾಗಿ ತಕ್ಕಡಿ ಮೊದಲೇ ಒಂದು ಕಡೆ ವಾಲಿದೆ ಎಂದು ತಿಳಿದೇ ಓದಿ. ಪೂಲ್ ಅಂದರೆ ಕೈ ಸಾಲದಿದ್ದಾಗ ಕರೆಯಲೆಂದು ಒಂದು ಆಸ್ಪತ್ರೆ ತಾನೇ ಇಟ್ಟುಕೊಂಡಿರುವ ನರ್ಸ್‌ಗಳ ಪಟ್ಟಿ. ಕೆಲವೆಡೆ ಬ್ಯಾಂಕ್ ಅಂತಲೂ ಕರೆಯುತ್ತಾರೆ. ಪಾಳಿ ನಾವು ಆರಿಸಿಕೊಳ್ಳುತ್ತೇವೆ, ವಾರ್ಡ್ ಅವರು ಹೇಳುತ್ತಾರೆ, ದುಡ್ಡು ನೇರವಾಗಿ ಆಸ್ಪತ್ರೆಯಿಂದ ಬರುತ್ತದೆ. ಏಜೆನ್ಸಿಯಲ್ಲಿ ನಡುವೆ ಇನ್ನೊಬ್ಬರಿರುತ್ತಾರೆ, ಆಸ್ಪತ್ರೆ ವಾರಕ್ಕೊಂದು ಬದಲಾಗಬಹುದು.

ದುಡ್ಡಿನ ಮಾತು ಮೊದಲು ಮುಗಿಸೋಣ. ಗಂಟೆಯ ದರ ನೋಡಿದರೆ ಸಾಮಾನ್ಯವಾಗಿ ಏಜೆನ್ಸಿಯೇ ಮುಂದು. ಆದರೆ ಆ ದರವನ್ನು 12 ಗಂಟೆಗೆ ಗುಣಿಸಿ ಖುಷಿಪಡಬೇಡಿ. ಊಟದ ವಿರಾಮವನ್ನು ಕಳೆಯುತ್ತಾರೆ. ಹ್ಯಾಂಡೋವರ್, ಅಂದರೆ ಪಾಳಿ ಬದಲಾಗುವಾಗ ರೋಗಿಗಳ ವಿವರ ಒಪ್ಪಿಸುವುದು, 25 ನಿಮಿಷ ಎಳೆದರೆ ಅದು ಲೆಕ್ಕಕ್ಕಿಲ್ಲ. ಗೊತ್ತಿಲ್ಲದ ಜಾಗವೆಂದು ಬೇಗ ಹೊರಟದ್ದಂತೂ ಯಾರ ಲೆಕ್ಕಕ್ಕೂ ಇಲ್ಲ. ಮನೆ ಬಿಟ್ಟಾಗಿನಿಂದ ಮನೆ ಸೇರುವವರೆಗಿನ ಗಂಟೆಗಳಿಂದ ಕೈಗೆ ಬಂದದ್ದನ್ನು ಭಾಗಿಸಿ, ಆಮೇಲೆ ಹೋಲಿಸಿ. ಸಹಿ ಹಾಕುವ ಮುಂಚೆ ನಾಲ್ಕು ಪ್ರಶ್ನೆ ಕೇಳಿ: ಪಾಳಿ ರದ್ದಾದರೆ ಎಷ್ಟು ಗಂಟೆ ಮೊದಲು ತಿಳಿಸುತ್ತಾರೆ? ತಡವಾಗಿ ರದ್ದು ಮಾಡಿದರೆ ಏನಾದರೂ ಕೊಡುತ್ತಾರೆಯೇ? ಕೆಲಸದಲ್ಲಿ ತಪ್ಪಾದರೆ ವಿಮೆ ಯಾರದು? ಒಂದು ವಾರ್ಡಿಗೆಂದು ಕರೆದು ಇನ್ನೊಂದಕ್ಕೆ ದೂಡಿದರೆ ಒಲ್ಲೆ ಅನ್ನಬಹುದೇ?

ಇಷ್ಟೆಲ್ಲ ಸರಿಹೋದರೂ ಏಜೆನ್ಸಿ ಪಾಳಿಯಲ್ಲಿ ತಲೆ ಕೆಡಿಸುವುದು ಒಂದೇ ಒಂದು: ಲಾಗಿನ್.

ಕೇಳಲು ಚಿಲ್ಲರೆ ವಿಷಯ. ಔಷಧಿ ಪಟ್ಟಿ, ಲ್ಯಾಬ್ ವರದಿ, ನರ್ಸಿಂಗ್ ಟಿಪ್ಪಣಿ ಎಲ್ಲವೂ ಕಂಪ್ಯೂಟರಿನಲ್ಲಿರುವ ವಾರ್ಡಿಗೆ ಬೆಳಿಗ್ಗೆ 7ಕ್ಕೆ ಹೋಗಿ ನಿಂತಿರುತ್ತೀರಿ. ನಿಮ್ಮ ಹೆಸರಿನ ಖಾತೆ ಇನ್ನೂ ತೆರೆದಿಲ್ಲ. ತೆರೆಯಬೇಕಾದವರು ಬರುವುದು 9ಕ್ಕೆ. 8ರ ಔಷಧಿ ಅಲ್ಲಿಯವರೆಗೆ ಕಾಯುತ್ತದೆಯೇ? ಬೆರಳಚ್ಚು ಕೊಟ್ಟರೆ ಮಾತ್ರ ತೆರೆಯುವ ಔಷಧಿ ಕಪಾಟು ನಿಮ್ಮ ಬೆರಳಿಗೆ ಬಾಯಿ ಬಿಡುವುದಿಲ್ಲ. ಎಷ್ಟೋ ಕಡೆ ಗ್ಲುಕೋಮೀಟರ್ ಕೂಡ ನರ್ಸ್‌ನ ಬ್ಯಾಡ್ಜ್ ಸ್ಕ್ಯಾನ್ ಮಾಡದೆ ಮುಂದಿನ ಪರದೆಗೆ ಹೋಗುವುದಿಲ್ಲ. ತಿಂಡಿಗೆ ಮುಂಚೆ ಇನ್ಸುಲಿನ್ ಬೇಕಾದ ನಾಲ್ವರು ರೋಗಿಗಳು ಕಾಯುತ್ತಿರುತ್ತಾರೆ. ಮೂವತ್ತು ವರ್ಷದ ಅನುಭವವೆಲ್ಲ ಆ ಪುಟ್ಟ ಯಂತ್ರದ ಮುಂದೆ ಕೈಕಟ್ಟಿ ನಿಂತಿರುತ್ತದೆ.

ಆಗ ಪಕ್ಕದ ಹುಡುಗಿ, ಪಾಪ, ಒಳ್ಳೆಯ ಮನಸ್ಸಿನಿಂದಲೇ, "ನನ್ನ ಪಾಸ್‌ವರ್ಡ್‌ನಲ್ಲಿ ಮಾಡಿಬಿಡಿ ಸಿಸ್ಟರ್" ಅನ್ನುತ್ತಾಳೆ. ಮಾಡಬೇಡಿ. ಪ್ರತಿ ದಾಖಲೆಯ ಹಿಂದೆಯೂ ಹೆಸರು, ಗಂಟೆ, ನಿಮಿಷ ಕೂತಿರುತ್ತದೆ. ನೀವು ಕೊಟ್ಟ ಡೋಸ್ ಅವಳ ಹೆಸರಿಗೆ ಹತ್ತುತ್ತದೆ, ವಿಚಾರಣೆ ಬಂದರೆ ಇಬ್ಬರೂ ಸಿಕ್ಕಿಬೀಳುತ್ತೀರಿ. ಹಾಗಂತ ಕೊಟ್ಟು, ಆಮೇಲೆ ಬರೆದರಾಯಿತು ಅಂದುಕೊಂಡರೆ ಇನ್ನೂ ಕಷ್ಟ: ಪಟ್ಟಿಯಲ್ಲಿ ಖಾಲಿ ಕಂಡವರು ಅದೇ ಡೋಸನ್ನು ಮತ್ತೆ ಕೊಡುತ್ತಾರೆ.

ಇರುವ ದಾರಿ ಇದು. ಪಾಳಿ ಒಪ್ಪಿಕೊಳ್ಳುವಾಗಲೇ ಲಾಗಿನ್ ಸಿದ್ಧವಿದೆಯೇ ಎಂದು ಏಜೆನ್ಸಿಯಿಂದ ಬರವಣಿಗೆಯಲ್ಲಿ ಕೇಳಿ ಪಡೆಯಿರಿ. ಹೋದ ಮೇಲೂ ಆಗಿಲ್ಲವೆಂದರೆ ಇನ್‌ಚಾರ್ಜ್ ಬಳಿ ಕೆಲಸ ಅದಲುಬದಲು ಮಾಡಿಕೊಳ್ಳಿ. ಲಾಗಿನ್ ಇರುವವರು ನಿಮ್ಮ ರೋಗಿಗಳಿಗೂ ಔಷಧಿ ಕೊಡಲಿ. ಅವರ ರೋಗಿಗಳ ಬಿಪಿ, ಜ್ವರ, ಡ್ರೆಸ್ಸಿಂಗ್, ಮಗ್ಗುಲು ಬದಲಿಸುವುದು ನಿಮಗಿರಲಿ. ಮಾಡಿದ್ದನ್ನು ಗಂಟೆ-ನಿಮಿಷದ ಸಮೇತ ಕಾಗದದ ಮೇಲೆ ಬರೆಯಿರಿ. ಖಾತೆ ತೆರೆದ ಮೇಲೆ 'ತಡವಾದ ದಾಖಲೆ' ಎಂದು ಹಾಕಿ, ಕೆಲಸ ಮಾಡಿದ ಸಮಯ ಮತ್ತು ಬರೆದ ಸಮಯ ಎರಡನ್ನೂ ನಮೂದಿಸಿ. ಆ ಕಾಗದ ಜೇಬಿನಲ್ಲಿ ಮನೆಗೆ ಬರಬಾರದು. ರೋಗಿಗಳ ಹೆಸರಿರುತ್ತದೆ, ಅಲ್ಲೇ ಚೂರು ಮಾಡಿಸಿ.

ಪೂಲ್‌ನಲ್ಲಿ ಈ ಗೋಳು ಸೇರಿದ ವಾರಕ್ಕೆ ಮುಗಿಯುತ್ತದೆ. ನನಗೆ ಅಷ್ಟೇ ಸಾಕು.

ಎರಡನೆಯ ತೊಡಕು ಔಷಧಿಯನ್ನು ಗಂಟೆಗಿಷ್ಟು ಎಂದು ಹರಿಸುವ ಪಂಪ್ ಮತ್ತು ಡ್ರಿಪ್ ಸೆಟ್. ಇಲ್ಲಿ ಹಳೇ ಅಭ್ಯಾಸವೇ ಶತ್ರು. ಬಿಪಿ ಏರಿಸುವ ನಾರ್‌ಅಡ್ರಿನಲಿನ್ ಒಂದು ಕಡೆ 50 ಮಿ.ಲೀ.ಗೆ 4 ಮಿ.ಗ್ರಾಂ. ಬೆರೆಸುತ್ತಾರೆ, ಇನ್ನೊಂದು ಕಡೆ 8. ಗಂಟೆಗೆ 5 ಮಿ.ಲೀ. ಎಂದು ಕೈ ತಾನಾಗಿ ಒತ್ತಿದರೆ ಮೊದಲನೆಯದರಲ್ಲಿ ನಿಮಿಷಕ್ಕೆ ಸುಮಾರು 6.7 ಮೈಕ್ರೋಗ್ರಾಂ, ಎರಡನೆಯದರಲ್ಲಿ ಅದರ ಎರಡರಷ್ಟು. ಸಿರಿಂಜ್ ಪಂಪ್‌ನಲ್ಲಿ ಸಿರಿಂಜಿನ ಕಂಪನಿಯ ಹೆಸರನ್ನೂ ಸರಿಯಾಗಿ ಆರಿಸಬೇಕು. ಪಂಪ್ ದಂಡವನ್ನು ತಳ್ಳಿದ ದೂರದಿಂದ ಪ್ರಮಾಣ ಲೆಕ್ಕ ಹಾಕುತ್ತದೆ, ಒಳವ್ಯಾಸ ಕಂಪನಿಯಿಂದ ಕಂಪನಿಗೆ ಬೇರೆ. ಡ್ರಿಪ್ ಸೆಟ್ ಒಂದು ಮಿ.ಲೀ.ಗೆ 20 ಹನಿಯದೋ 15 ಹನಿಯದೋ ಎಂದು ಪೊಟ್ಟಣದ ಮೇಲೆಯೇ ಓದಿ. 500 ಮಿ.ಲೀ. 8 ಗಂಟೆಗೆ ಎಂದರೆ 20ರ ಸೆಟ್‌ನಲ್ಲಿ ನಿಮಿಷಕ್ಕೆ 21 ಹನಿ. ಅದೇ 21 ಹನಿಯನ್ನು 15ರ ಸೆಟ್‌ನಲ್ಲಿ ಬಿಟ್ಟರೆ ಬಾಟಲಿ 6 ಗಂಟೆಗೇ ಖಾಲಿ. ಅಡ್ರಿನಲಿನ್ ಕೂಡ ನೋಡಿಕೊಳ್ಳಿ: 1 ಮಿ.ಗ್ರಾಂ. ಕೆಲವು ಕ್ರ್ಯಾಶ್ ಕಾರ್ಟ್‌ಗಳಲ್ಲಿ (ತುರ್ತು ಔಷಧಿ, ಸಲಕರಣೆಯ ಗಾಡಿ) 1 ಮಿ.ಲೀ. ಆಂಪ್ಯೂಲ್‌ನಲ್ಲಿ, ಕೆಲವುಗಳಲ್ಲಿ 10 ಮಿ.ಲೀ. ತುಂಬಿದ ಸಿರಿಂಜಿನಲ್ಲಿ.

ಹೀಗಾಗಿ ಏಜೆನ್ಸಿ ಪಾಳಿಗೆ ಹೋಗುವುದೇ ಆದರೆ ಹ್ಯಾಂಡೋವರ್‌ಗೆ 20 ನಿಮಿಷ ಮುಂಚೆ ಹೋಗಿ. ಕ್ರ್ಯಾಶ್ ಕಾರ್ಟ್, ಸಕ್ಷನ್, ಆಕ್ಸಿಜನ್ ಕವಾಟ, ತುರ್ತು ಕರೆಯ ಒಳಸಂಖ್ಯೆ, ಬೀಗದ ಔಷಧಿಯ ಕೀಲಿ ಯಾರ ಹತ್ತಿರ, ಇಷ್ಟನ್ನು ಕಣ್ಣಾರೆ ನೋಡಿ. ಹೃದಯಕ್ಕೆ ಶಾಕ್ ಕೊಡುವ ಡಿಫಿಬ್ರಿಲೇಟರ್‌ನ ಪ್ಯಾಡ್ ಸಿಕ್ಕಿಸಿಯೇ ಇದೆಯೋ ಡ್ರಾಯರಿನಲ್ಲಿದೆಯೋ ನೋಡಿ.

ಮಾಸ್ಕ್: ಎನ್95 ಮುಖಕ್ಕೆ ಗಾಳಿ ಸೋರದಂತೆ ಕೂರುತ್ತದೆಯೇ ಎಂದು ನೋಡುವ ಫಿಟ್ ಟೆಸ್ಟ್ ಒಂದೊಂದು ಮಾದರಿಗೆ ಬೇರೆ. ಆ ಆಸ್ಪತ್ರೆಯಲ್ಲಿ ಬೇರೆ ಮಾದರಿ ಇದ್ದರೆ ನಿಮ್ಮ ಪ್ರಮಾಣಪತ್ರ ಬರಿ ಕಾಗದ.

ಇನ್ನು ಕಾಯಂ ಹುದ್ದೆ. ರೋಗಿಯನ್ನು ನಿನ್ನೆಯೂ ನೋಡಿದ್ದವರಿಗೆ ಸಿಗುವ ಸುಳಿವು ಉಳಿದ ಎರಡರಲ್ಲೂ ಸಿಗುವುದಿಲ್ಲ, ಪೂಲ್‌ನಲ್ಲೂ ಅಷ್ಟಕ್ಕಷ್ಟೇ. ರೋಗಿಯ ಸ್ಥಿತಿ ಕೆಡುತ್ತಿದೆಯೇ ಎಂದು ಅಳೆಯುವ 2017ರ ನ್ಯೂಸ್-2 ಅಂಕಪಟ್ಟಿಯಲ್ಲಿ ಹೊಸದಾಗಿ ಶುರುವಾದ ಗೊಂದಲಕ್ಕೆ 3 ಅಂಕ. ಅಜ್ಜ ಹಗಲು-ರಾತ್ರಿ ತಪ್ಪಿ ಮಾತಾಡುತ್ತಿದ್ದಾರೆ. ಅದು ಹೊಸದೋ ಹಳೆಯ ಮರೆವೋ ಎಂದು ಇವತ್ತೇ ಬಂದವರು ಹೇಗೆ ಹೇಳಬೇಕು? ಹ್ಯಾಂಡೋವರ್‌ನಲ್ಲಿ "ನಿನ್ನೆ ಹೇಗಿದ್ದರು" ಎಂದು ಪ್ರತಿ ಹಾಸಿಗೆಗೂ ಕೇಳಬೇಕು. ಉತ್ತರ ಸಿಗದಿದ್ದರೆ ಹೊಸದೆಂದೇ ಅಂಕ ಹಾಕಿ ಡಾಕ್ಟರಿಗೆ ಹೇಳಬೇಕು. ಕಾಯಂ ಹುದ್ದೆಯ ಬೇಸರ ಬೇರೆಯೇ. ಹಿರಿತನ ಬಂದಷ್ಟೂ ಡ್ಯೂಟಿ ಪಟ್ಟಿ, ದಾಸ್ತಾನು, ಆಡಿಟ್, ಮೀಟಿಂಗ್ ಎಂದು ಹಾಸಿಗೆಯಿಂದ ಟೇಬಲ್ಲಿಗೆ ಎಳೆಯುತ್ತಾರೆ. ಕ್ಯಾನುಲಾ ಹಾಕುವ ಕೈಯಲ್ಲಿ ಎಕ್ಸೆಲ್ ತುಂಬಿಸುವುದು ನನಗೆ ಸೇರದು. ಸೇರುವವರು ಬೇಕಾದಷ್ಟಿದ್ದಾರೆ, ಅವರು ಅಲ್ಲೇ ಇರಲಿ.

ಪೂಲ್‌ಗೆ ಕೊರತೆಯಿಲ್ಲವೇ? ಇದೆ. ಎಲ್ಲಿ ಬೆಂಕಿಯೋ ಅಲ್ಲಿಗೆ ಕಳಿಸುತ್ತಾರೆ. ಪೂಲ್ ಸಿಸ್ಟರ್ ಬಂದರೆಂದರೆ ಐಸೊಲೇಶನ್ ರೂಮು, ಭಾರದ ರೋಗಿಗಳು ಅವರ ಪಾಲಿಗೆ. ಹಂಚಿಕೆಯನ್ನು ಹ್ಯಾಂಡೋವರ್‌ಗೆ ಮೊದಲೇ ನೋಡಿ, ನ್ಯಾಯವಿಲ್ಲದಿದ್ದರೆ ಆಗಲೇ ಹೇಳಿ. ಮಧ್ಯಾಹ್ನ ಹೇಳಿದರೆ ಯಾರೂ ಕೇಳುವುದಿಲ್ಲ. ತಿಂಗಳಿಗೆ ಇಷ್ಟು ಪಾಳಿ ಕಡ್ಡಾಯ ಎಂಬ ನಿಯಮವಿದ್ದರೆ ಅದನ್ನು ತಪ್ಪಿಸಬೇಡಿ, ಹೆಸರು ತೆಗೆದುಹಾಕಿದರೆ ಲಾಗಿನ್ ಸಹಿತ ಹೋಗುತ್ತದೆ. ಕರೆಯೇ ಬರದ ತಿಂಗಳೂ ಇರುತ್ತದೆ. ಮೂರು ತಿಂಗಳ ಮನೆಖರ್ಚು ಪಕ್ಕಕ್ಕಿಡದೆ ಈ ಕಡೆ ಬರಬೇಡಿ.

ಸಾಲದ ಕಂತು, ಮಕ್ಕಳ ಫೀಸು ಇನ್ನೂ ಇದ್ದರೆ ಕಾಯಂ ಬಿಡುವ ಯೋಚನೆ ಬೇಡ. ಓದು ಮುಗಿಸಿ ಒಂದೆರಡು ವರ್ಷವಾದವರು ಏಜೆನ್ಸಿಗೆ ಹೋಗುವುದನ್ನು ನಾನಂತೂ ಒಪ್ಪುವುದಿಲ್ಲ, ಕೇಳಲು ಪಕ್ಕದಲ್ಲಿ ಪರಿಚಯದ ಮುಖವೇ ಇರುವುದಿಲ್ಲ. ಕಂತು ತೀರಿದೆ, ಮಂಡಿ ನೋಯುತ್ತಿದೆ, ರಾತ್ರಿ ಪಾಳಿ ಬೇಡ, ಆದರೆ ರೋಗಿಯ ಕೆಲಸ ಬೇಕು ಅನ್ನುವವರಿಗೆ ಪೂಲ್‌ನಲ್ಲಿ ವಾರಕ್ಕೆ ಎರಡು ಹಗಲು ಪಾಳಿ ಹಿಡಿಸುತ್ತದೆ. ಏಜೆನ್ಸಿಯಲ್ಲಿ ಹೆಸರು ಉಳಿಸಿಕೊಂಡಿದ್ದರೂ ನಷ್ಟವಿಲ್ಲ. ಪೂಲ್ ಸುಮ್ಮನಿರುವ ತಿಂಗಳಲ್ಲಿ ಒಂದೆರಡು ಪಾಳಿ ಹೋಗಬಹುದು, ಅದೂ ಈಗಾಗಲೇ ಲಾಗಿನ್ ಸಿಕ್ಕಿರುವ ವಾರ್ಡಿಗೆ ಮಾತ್ರ.