ಫಿಯಟ್‌ಗೆ ಎಸಿ: ಎರಡು ಬೇಸಿಗೆ, ನಡುವೆ ಒಂದು ಮಳೆಗಾಲ

ಹಳೇ ಕಾರಿಗೆ ಎಸಿ ಹಾಕಿಸಿದರೆ ತಂಪಾಗುತ್ತದೆಯೇ ಎಂಬ ಪ್ರಶ್ನೆಗೆ ಮೊದಲೇ ಉತ್ತರ ಹೇಳಿಬಿಡುತ್ತೇನೆ: ಆಗುತ್ತದೆ, ಚೆನ್ನಾಗಿಯೇ ಆಗುತ್ತದೆ. ನನ್ನ ತಕರಾರು ಇರುವುದು ನೀರಿನ ಬಗ್ಗೆ.

ಗಾಡಿ 1980ರ ಪ್ರೀಮಿಯರ್ ಪದ್ಮಿನಿ. ಮನೆಯಲ್ಲಿ ಎಲ್ಲರ ಬಾಯಲ್ಲೂ ಫಿಯಟ್. ಮಾವನವರಿಂದ ಬಂದದ್ದು, ಹಾಗಾಗಿ ಮಾರುವ ಮಾತೇ ಇಲ್ಲ. ಆದರೆ ದಾವಣಗೆರೆಯ ಏಪ್ರಿಲ್ ಮಧ್ಯಾಹ್ನದಲ್ಲಿ ಆ ರೆಕ್ಸಿನ್ ಸೀಟಿನ ಮೇಲೆ ಕೂರಲು ಯಾರೂ ಒಪ್ಪುತ್ತಿರಲಿಲ್ಲ. ಡ್ಯಾಶ್‌ಬೋರ್ಡಿನ ಕೆಳಗೆ ತೂಗುವಂಥ ಯೂನಿಟ್ ಹಾಕಿಸಿದೆ. ಮೂಲ ಡ್ಯಾಶ್‌ಬೋರ್ಡನ್ನು ಎಲ್ಲಿಯೂ ಕತ್ತರಿಸಬಾರದು ಎಂಬುದೊಂದೇ ನನ್ನ ಷರತ್ತು. ಕರೆಂಟು ಹುಟ್ಟಿಸುವ ಹಳೇ ಡೈನಮೋ ಬದಲಿಗೆ ಹೆಚ್ಚು ಕಸುವಿನ ಆಲ್ಟರ್ನೇಟರ್, ಎಸಿಯ ಬಿಸಿಯನ್ನು ಹೊರಬಿಡುವ ಕಂಡೆನ್ಸರ್‌ಗೆ ಪ್ರತ್ಯೇಕ ಎಲೆಕ್ಟ್ರಿಕ್ ಫ್ಯಾನ್, ಬಾಗಿಲುಗಳಿಗೆ ಹೊಸ ರಬ್ಬರ್ ಬೀಡಿಂಗ್, ಎಲ್ಲ ಸೇರಿ 70 ಸಾವಿರ ರೂಪಾಯಿಯ ಹತ್ತಿರ. ಆಲ್ಟರ್ನೇಟರ್ ವಿಷಯದಲ್ಲಿ ಜಿಪುಣತನ ಬೇಡ. ಎಂಜಿನ್ ಓಡುತ್ತಿದ್ದು ಗಾಡಿ ನಿಂತಾಗ ಡೈನಮೋ ಬ್ಯಾಟರಿಯನ್ನು ಚಾರ್ಜ್ ಮಾಡುವುದೇ ಕಷ್ಟ, ಬ್ಲೋವರ್ ಮತ್ತು ಫ್ಯಾನ್‌ಗಳ ಹೊರೆಯನ್ನು ಅದು ಹೊರಲಾರದು.

ಇದನ್ನು ಬಳಸುವುದಕ್ಕೊಂದು ಕ್ರಮವಿದೆ, ಅದು ನನಗೆ ಪೂಜೆಯಷ್ಟೇ ರೂಢಿಯಾಗಿದೆ. ಮೊದಲು ನಾಲ್ಕೂ ಗಾಜು ಇಳಿಸಿ, ಮುಂದಿನ ತ್ರಿಕೋನದ ಪುಟ್ಟ ಗಾಜುಗಳನ್ನೂ ಪೂರ್ತಿ ತಿರುಗಿಸಿ, ಬೀದಿಯ ತಿರುವಿನವರೆಗೆ ಹಾಗೆಯೇ ಹೋಗುತ್ತೇನೆ. ಒಳಗಿನ ಕಾದ ಗಾಳಿ ಅಷ್ಟರಲ್ಲಿ ಹೊರಬಿದ್ದಿರುತ್ತದೆ. ಆಮೇಲೆ ಗಾಜು ಏರಿಸಿ ಸ್ವಿಚ್ ಹಾಕುವುದು. ಎಸಿಯ ಗ್ಯಾಸನ್ನು ಒತ್ತುವ ಕಂಪ್ರೆಸರನ್ನು ಎಂಜಿನ್ನಿಗೆ ಜೋಡಿಸುವ ಕ್ಲಚ್ ಟಕ್ಕೆಂದ ಕೂಡಲೇ ಎಂಜಿನ್ನಿನ ದನಿ ಒಂದು ಮೆಟ್ಟಿಲು ಇಳಿಯುತ್ತದೆ. 1089 ಸಿಸಿ ಎಂಜಿನ್ನಿನಿಂದ ಇನ್ನೇನು ನಿರೀಕ್ಷಿಸಲು ಸಾಧ್ಯ? ಲಾರಿಯನ್ನು ಹಿಂದಿಕ್ಕುವ ಮೊದಲು ಆಫ್, ಹಳೇ ಪಿ.ಬಿ. ರಸ್ತೆಯ ದಟ್ಟಣೆಯಲ್ಲಿ ತಾಪಮಾನದ ಮುಳ್ಳು ಮೇಲೇರಿದರೆ ಆಫ್. ಮನೆ ಹತ್ತಿರವಾದಾಗ ಕಂಪ್ರೆಸರ್ ನಿಲ್ಲಿಸಿ ಬ್ಲೋವರ್ ಮಾತ್ರ ಓಡಿಸುತ್ತೇನೆ. ಗಾಳಿಯ ತೇವ ನೀರಾಗಿ ಕೂರುವ ಕೂಲಿಂಗ್ ಕಾಯಿಲ್ ಒಣಗುವುದರಿಂದ ಮರುದಿನ ಮುಗ್ಗಲು ವಾಸನೆ ಇರುವುದಿಲ್ಲ.

ಮೊದಲ ಬೇಸಿಗೆ ಹೀಗೆ ಸುಖವಾಗಿ ಕಳೆಯಿತು. ಮುಂಗಾರು ಶುರುವಾದ ಮೇಲೆ ಅತ್ತೆಯವರನ್ನು ಮುಂದೆ ಕೂರಿಸಿಕೊಂಡು ಚಿತ್ರದುರ್ಗಕ್ಕೆ ಹೊರಟಿದ್ದೆ. ಭರಮಸಾಗರ ದಾಟಿ ಬಲಕ್ಕೆ ತಿರುಗುವಲ್ಲಿ ಯೂನಿಟ್ಟಿನಿಂದ ತಣ್ಣೀರು ಅವರ ಪಾದಗಳ ಮೇಲೆ ಸುರಿಯಿತು. ‘ಅಳಿಯಂದಿರೇ, ಕಾಲು ತೊಳೆಯುವ ವ್ಯವಸ್ಥೆಯೂ ಇದೆಯೇನು?’ ಎಂದರು. ಹೊಸ ರೇಷ್ಮೆ ಸೀರೆಯ ಅಂಚು ನೆನೆದಿತ್ತು. ಅವರು ನಕ್ಕರು, ನನಗೆ ನಗು ಬರಲಿಲ್ಲ.

ಎಸಿ ಕೂರಿಸಿದವರನ್ನು ಕೇಳಿದರೆ ‘ಮಳೆ ನೀರು ಸಾರ್, ಬೀಡಿಂಗ್ ನೋಡಿಸಿ’ ಎಂಬ ಉತ್ತರ. ಮೂರು ಸಲ ಹೋದರೂ ಅದೇ ಮಾತು. ಬೀಡಿಂಗ್ ಹಾಕಿದವರೂ ಅವರೇ! ಕಡೆಗೆ ಚಿತ್ರದುರ್ಗದಲ್ಲಿ ಬಸ್ಸುಗಳ ಎಸಿ ರಿಪೇರಿ ಮಾಡುವ ಹಿರಿಯರೊಬ್ಬರು ಮ್ಯಾಟ್ ಎತ್ತಿ ತೋರಿಸಿದರು. ಕಾಯಿಲ್‌ನಿಂದ ತೊಟ್ಟಿಕ್ಕುವ ನೀರು ಸೇರುವ ತಟ್ಟೆಯಿಂದ ಅದನ್ನು ಹೊರಬಿಡುವ ಪೈಪು ನೆಲದ ರಂಧ್ರವನ್ನು ಸೇರುವ ಮುನ್ನ ಜೋತುಬಿದ್ದು ಮತ್ತೆ ಮೇಲೇರಿತ್ತು, ಆ ಹೊಟ್ಟೆಯಲ್ಲಿ ಧೂಳು ಕಟ್ಟಿಕೊಂಡಿತ್ತು. ಬೇಸಿಗೆಯ ಒಣಗಾಳಿಯಲ್ಲಿ ಕಾಯಿಲ್ ಮೇಲೆ ನೀರು ಕೂರುವುದೇ ಕಡಿಮೆ, ಹಾಗಾಗಿ ದೋಷ ಗೊತ್ತಾಗಿರಲಿಲ್ಲ. ಮಳೆಗಾಲದ ತೇವಕ್ಕೆ ತಟ್ಟೆ ತುಂಬಿತು, ತಿರುವಿನಲ್ಲಿ ಚೆಲ್ಲಿತು. ಪೈಪನ್ನು ಗಿಡ್ಡ ಮಾಡಿ ನೇರ ಇಳಿಜಾರಿನಲ್ಲಿ ಕೂರಿಸಲು ಅವರು ತೆಗೆದುಕೊಂಡದ್ದು ಇನ್ನೂರು ರೂಪಾಯಿ.

ಸಿಟ್ಟು ಇಳಿದದ್ದು ಅಂದೇ ಸಂಜೆ, ವಾಪಸು ಬರುವಾಗ. ಜೋರು ಮಳೆ. ಫಿಯಟ್ ಇಟ್ಟುಕೊಂಡವರಿಗೆ ಗೊತ್ತು, ಇಂಥ ಹೊತ್ತಿನಲ್ಲಿ ಒಂದು ಕೈ ಸ್ಟಿಯರಿಂಗ್ ಮೇಲೆ, ಇನ್ನೊಂದು ಕೈಯಲ್ಲಿ ಬಟ್ಟೆ ಹಿಡಿದು ಗಾಜಿನ ಒಳಮೈ ಒರೆಸುವುದು. ಎಸಿ ಹಾಕಿದ ಸ್ವಲ್ಪ ಹೊತ್ತಿಗೆ ಮಂಜು ತಾನಾಗಿ ಕರಗಿತು. ಒಳಗಿನ ಗಾಳಿಯ ತೇವವನ್ನೆಲ್ಲ ಕಾಯಿಲ್ ಹೀರಿಕೊಂಡಿತ್ತು, ಆ ನೀರು ಹೋಗಬೇಕಾದ ದಾರಿಯಲ್ಲೇ ಹೋಗುತ್ತಿತ್ತು. ಬೇಸಿಗೆಗೆಂದು ಹಾಕಿಸಿದ್ದನ್ನು ಈಗ ಹೆಚ್ಚು ಮೆಚ್ಚುವುದು ಮಳೆಗಾಲದಲ್ಲಿ.

ಎರಡನೇ ಬೇಸಿಗೆಗೆ ಸ್ವಲ್ಪ ಗ್ಯಾಸ್ ತುಂಬಿಸಬೇಕಾಯಿತು. ಕಂಪ್ರೆಸರಿನ ಸೀಲ್ ಒಣಗಬಾರದೆಂದು ಚಳಿಗಾಲದಲ್ಲೂ ವಾರಕ್ಕೊಮ್ಮೆ ಹತ್ತು ನಿಮಿಷ ಓಡಿಸುತ್ತೇನೆ. ಹಬ್ಬಕ್ಕೊಮ್ಮೆ ಹೊರತೆಗೆಯುವ ಗಾಡಿಯಾದರೆ ಆ ಹಣದಲ್ಲಿ ರೇಡಿಯೇಟರ್ ಮತ್ತು ಬ್ರೇಕ್ ಮಾಡಿಸಿಕೊಳ್ಳಿ. ವಾರವಾರವೂ ಓಡಿಸುವವರಾದರೆ ಹಾಕಿಸಿ. ಆದರೆ ಪೂರ್ತಿ ದುಡ್ಡು ಕೊಡುವ ಮುನ್ನ ತಟ್ಟೆಗೆ ಒಂದು ಲೋಟ ನೀರು ಸುರಿದು, ಅದು ಗಾಡಿಯ ಕೆಳಗೆ ಬೀಳುತ್ತದೆಯೇ ಎಂದು ಬಗ್ಗಿ ನೋಡಿ.